ಸಾಲು ಕಂಡರೆ ನಡೆವ ಕಾಲು

ಇವತ್ತು ಬೆಳಿಗ್ಗೆ ಜಗಲಿಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದೆ. ಒಳಗಿನಿಂದ ಸೌಟು ಹಿಡಿದುಕೊಂಡೇ ಬಂದ ಅವ್ವ ನನ್ನ ಮೊಣಕಾಲಿಗೆ ಒಂದು ಏಟು ಕೊಟ್ಟಳು.

“ಕಾಲು ಕುಣುಸ್ಬ್ಯಾಡ ಅಂತ ಎಷ್ಟು ಸಲ ಯೋಳ್ಬೇಕ್ಲಾ ನಿಂಗೆ? ಮನೆಗೆ ದರಿದ್ರ ಅಮರ್ಕತದೆ.”

ನೋಡಿಕೊಂಡರೆ ನಿಜ. ಎಡಗಾಲು ಹೊಲಿಗೆ ಯಂತ್ರ ತುಳಿಯುವವನ ಕಾಲಿನ ಹಾಗೆ ತನ್ನ ಪಾಡಿಗೆ ತಾನು ಕುಣಿಯುತ್ತಿತ್ತು. ಕುಣಿ ಎಂದು ನಾನು ಅದಕ್ಕೆ ಹೇಳಿರಲಿಲ್ಲ. ಕುಣಿಯುತ್ತಿದೆ ಎನ್ನುವುದು ಕೂಡ ಅವ್ವನ ಸೌಟು ಬಿದ್ದಮೇಲೆ ನನಗೆ ತಿಳಿದದ್ದು. ಹುಣಸೂರಿನ ಹೈಸ್ಕೂಲಿನಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ಮೇಷ್ಟ್ರ ಕಾಲು ಇದು. ರಜೆಗೆ ಊರಿಗೆ ಬಂದರೂ ಒಂದು ಗಳಿಗೆ ಸುಮ್ಮನಿರುವುದಿಲ್ಲ.

ನಿಮಗೂ ಹೀಗೆ ಆಗಿರಬಹುದು. ಒಲೆಯ ಮೇಲಿನ ತಪ್ಪಲೆಗೆ ಕೈ ತಗುಲುತ್ತದೆ, ಕೈ ಹಿಂದಕ್ಕೆ ಬಂದುಬಿಡುತ್ತದೆ, ಆಮೇಲೆ “ಅಯ್ಯೋ ಸುಟ್ಟಿತು” ಎನ್ನುತ್ತೀರಿ. ಕೈ ಎಳೆದುಕೊಂಡವರು ಯಾರು? ನೀವಂತೂ ಅಲ್ಲ. ನಿಮಗೆ ಸುದ್ದಿ ಬಂದದ್ದೇ ಕೆಲಸವೆಲ್ಲ ಮುಗಿದಮೇಲೆ. ಈ ಪ್ರಶ್ನೆ ಒಂದು ಕಾಲದಲ್ಲಿ ನನ್ನನ್ನು ಕೂತಲ್ಲಿ ಕೂರಲು ಬಿಡದೆ ಕಾಡಿತ್ತು. ಅದಕ್ಕೆ ಕಾರಣ ನಮ್ಮ ದೊಡ್ಡಪ್ಪ.

ಹಂಪಾಪುರದ ಹತ್ತಿರ ನಮ್ಮದು ರಾಗಿ, ಜೋಳ, ಹುರುಳಿ ಬೆಳೆಯುವ ಸಣ್ಣ ಹಳ್ಳಿ. ಅಪ್ಪ, ದೊಡ್ಡಪ್ಪ ಇಬ್ಬರೂ ಒಂದೇ ಮನೆಯಲ್ಲಿದ್ದರು. ದೊಡ್ಡಮ್ಮ ಬೇಗ ತೀರಿಕೊಂಡಿದ್ದರಿಂದ ಅವರ ಒಬ್ಬಳೇ ಮಗಳು ಗೌರಕ್ಕನನ್ನು ಅವ್ವನೇ ಸಾಕಿದ್ದಳು. ದೊಡ್ಡಪ್ಪ ಉದ್ದ ಆಳು. ಮಾತಿಗೆ ಕೂತರೆ ಬೀದಿಯಲ್ಲಿ ಹೋಗುವವರೂ ನಿಂತು ನಗಬೇಕು. ಅಂಥವನಿಗೆ ಮೊದಲು ಬಲಗೈ ನಡುಗತೊಡಗಿತು. ವಿಭೂತಿ ಗಟ್ಟಿಯನ್ನು ಉಜ್ಜುವವನ ಹಾಗೆ ಹೆಬ್ಬೆರಳೂ ತೋರುಬೆರಳೂ ಬರಿದೇ ಒಂದನ್ನೊಂದು ಉಜ್ಜುತ್ತಿದ್ದವು. “ಶಿವ ನನ್ ಕೈಲಿ ಅಗಲೆಲ್ಲ ಪೂಜೆ ಮಾಡುಸ್ಕತಾವನೆ” ಎಂದು ಅವನೇ ನಗುತ್ತಿದ್ದ. ಮೈಸೂರಿನ ಡಾಕ್ಟರೊಬ್ಬರು ನೋಡಿ, ಇದು ನಡುಕದ ಕಾಯಿಲೆ, ಮಿದುಳಿನ ಒಳಗಿನದು ಎಂದು ಹೇಳಿ ಔಷಧಿ ಕೊಟ್ಟರು. ಕೈಯ ಮಾತು ಅಲ್ಲಿಗೆ ಮುಗಿಯಿತು. ಎಲ್ಲರೂ ನಂಬಿದರು. ಏಕೆಂದರೆ ಕೈ ಎಲ್ಲರ ಕಣ್ಣಿಗೂ ಕಾಣುತ್ತಿತ್ತು.

ಯಾರೂ ನಂಬದೆ ಹೋದದ್ದು ಕಾಲನ್ನು.

ನಾನು ಆಗ ಮೈಸೂರಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದೆ. ಐವತ್ತೈದರ ಬೇಸಿಗೆ ರಜೆಗೆ ಬಂದ ದಿನ ಪಡಸಾಲೆಯ ನಡುವೆ ದೊಡ್ಡಪ್ಪ ನಿಂತಿದ್ದ. ಯಾರನ್ನೋ ಕಾಯುತ್ತಿರಬೇಕು ಅಂದುಕೊಂಡು ಕೈಕಾಲು ತೊಳೆದು ಬಂದೆ. ಇನ್ನೂ ನಿಂತಿದ್ದ. ಕಾಲಿನ ಬೆರಳುಗಳು ನೆಲವನ್ನು ಒತ್ತಿ ಹಿಡಿದಿದ್ದವು, ಮೈ ಮುಂದಕ್ಕೆ ಬಾಗಿತ್ತು.

“ಏನ್ ದೊಡ್ಡಪ್ಪ, ನಿಂತ್ಬುಟ್ಟೆ?”

“ಬಾರ್ಲಾ ಮಗ. ಬಸ್ಸು ಸರ್ಯಾಗೇ ಅದೆ, ಡ್ರೈವರೂ ಅವನೆ. ರೈಟ್ ಅನ್ನೋ ಕಂಡಕ್ಟ್ರು ಎಲ್ಲೋ ಬೀಡಿ ಸೇದಕ್ಕೆ ಓಗವನೆ.”

ನಾನು ನಕ್ಕೆ. ಅವನೂ ನಕ್ಕ. ಆದರೆ ಅವನ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು.

ಅಪ್ಪನಿಗೆ ಇದು ನಗುವ ಮಾತಾಗಿರಲಿಲ್ಲ. ಮೊದಮೊದಲು ಅಪ್ಪನೂ ಮರುಗಿದವನೇ. ಅಣ್ಣ ಎಡವದೆ ನಡೆಯಲಿ ಎಂದು ಅಂಗಳದ ಕಲ್ಲುಗಳನ್ನೆಲ್ಲ ತಾನೇ ಆರಿಸಿ ಎಸೆದಿದ್ದ. ಗುದ್ದಲಿ ತಂದು ಉಬ್ಬು ತಗ್ಗು ಸಮ ಮಾಡಿದ್ದ. ಅವ್ವ ದಿನ ಬಿಟ್ಟು ದಿನ ಸಗಣಿ ಹಾಕಿ ಸಾರಿಸಿ ಕನ್ನಡಿಯ ಹಾಗೆ ಇಟ್ಟಿದ್ದಳು. ಅಷ್ಟು ಮಾಡಿದಮೇಲೆ ದೊಡ್ಡಪ್ಪ ಆ ಕನ್ನಡಿಯ ನಡುವೆಯೇ ಮೊದಲಿಗಿಂತ ಹೆಚ್ಚಾಗಿ ನಿಲ್ಲತೊಡಗಿದ. ಇದೇ ಅಪ್ಪನ ಹೊಟ್ಟೆ ಉರಿಸಿದ್ದು.

“ನೋಡ್ದಾ ನಿಮ್ ದೊಡ್ಡಪ್ಪನ್ ಆಟವ? ನಾನು ಕೈಯಾರೆ ಅಸನು ಮಾಡಿದ್ ನೆಲದಲ್ಲಿ ನೆಟ್ಟ ಕಂಬ. ಮೊನ್ನೆ ಕರ ಅಗ್ಗ ಕಿತ್ಕಂಡು ಉತ್ತಿದ್ ಒಲಕ್ಕೆ ಓಡ್ತು. ಅದ್ರ ಇಂದೆ ಎಂಗೋದ ಗೊತ್ತಾ? ಕೋಟೆ ಬಸ್ ಓದಂಗೋದ! ಬಾವಿ ಮೆಟ್ಲು ಇಳೀತಾನೆ, ಅತ್ತುತಾನೆ. ಪಡಸಾಲೆ ದಾಟಾಕಾಗಾಕಿಲ್ವಂತೆ. ಯಾರ್ ಕಿವಿಗೆ ಊವ ಮಡಗ್ತಾನೆ?”

ದೊಡ್ಡಪ್ಪನ ಎದುರಿಗೇ ಹೀಗೆ ಹೇಳುತ್ತಿದ್ದ. ದೊಡ್ಡಪ್ಪನ ಮುಖವೂ ಆ ಕಾಯಿಲೆಯಲ್ಲಿ ಬಿಗಿದುಕೊಂಡು ಹೋಗಿತ್ತು, ದುಃಖವೂ ಅದರ ಮೇಲೆ ಸರಿಯಾಗಿ ಮೂಡುತ್ತಿರಲಿಲ್ಲ. ಅದೇ ಮುಖವನ್ನು ಅಪ್ಪ ಭಂಡತನ ಎಂದು ಓದಿಕೊಂಡ.

ನನಗೆ ದಿನಚರಿ ಬರೆಯುವ ಚಾಳಿ. ಬಸ್ಸು ತಡವಾದ ದಿನ, ಮಳೆ ಬಂದ ದಿನ, ಹಸು ಕಡಿಮೆ ಹಾಲು ಕೊಟ್ಟ ದಿನ, ಎಲ್ಲಕ್ಕೂ ಗೆರೆ ಎಳೆದು ಲೆಕ್ಕ ಇಡುತ್ತೇನೆ. ಸರಿ, ದೊಡ್ಡಪ್ಪನಿಗೂ ಒಂದು ಪುಟ ತೆರೆದೆ. ಎಷ್ಟು ಹೊತ್ತಿಗೆ ನಿಂತ, ಅದಕ್ಕೆ ಮುಂಚೆ ಏನು ತಿಂದಿದ್ದ, ಬಿಸಿಲೋ ಮೋಡವೋ, ನಿದ್ದೆ ಹೇಗಿತ್ತು. ಬೇಸಿಗೆ ರಜೆಯ ಅರ್ಧ ಹೀಗೆ ಬರೆದೆ. ಕೊನೆಗೆ ಕೂಡಿ ಕಳೆದು ನೋಡಿದರೆ ಹೊರಬಿದ್ದ ಸತ್ಯ ಇಷ್ಟೇ, ದೊಡ್ಡಪ್ಪನಿಗೆ ಹುರುಳಿ ಬಸ್ಸಾರು ಬಹಳ ಇಷ್ಟ. ಅವನ ಕಾಲು ಎಲ್ಲಿ ನಿಂತಿತ್ತು, ಕಾಲ ಕೆಳಗೆ ಏನಿತ್ತು ಎನ್ನುವ ಕಾಲಂ ಒಂದನ್ನು ಮಾತ್ರ ನಾನು ಹಾಕಿರಲಿಲ್ಲ.

ಇಷ್ಟರಲ್ಲಿ ಗೌರಕ್ಕನ ಮದುವೆ ಗೊತ್ತಾಗಿತ್ತು. ಗಂಡಿನವರು ಅಂತರಸಂತೆ ಕಡೆಯವರು. ನಮ್ಮಲ್ಲಿ ಗಂಡಿನವರು ಬಂದಾಗ ಹೆಣ್ಣಿನ ತಂದೆ ಊರ ಬಾಗಿಲಿಗೆ ಹೋಗಿ, ಬೀಗರ ಕೈ ಹಿಡಿದು, ಓಲಗದ ಜೊತೆ ಮನೆತನಕ ನಡೆಸಿಕೊಂಡು ಬರಬೇಕು. ಅಪ್ಪ ಒಂದು ದಿನ ಊಟಕ್ಕೆ ಕೂತಾಗ ತೀರ್ಮಾನ ಹೇಳಿಬಿಟ್ಟ.

“ಅಣ್ಣ, ಎದುರುಗೊಳ್ಳಕ್ಕೆ ನಾನ್ ಓಯ್ತೀನಿ. ನೀನು ಚಪ್ಪರದಲ್ಲಿ ಕೂತಿರು. ನಡು ಬೀದೀಲಿ ನೀನು ಆಟ ಕಟ್ಕಂಡು ನಿಂತ್ರೆ, ಈ ಮನೆಗೆ ಯಾವ್ದೋ ಉಚ್ಚು ಅದೆ ಅಂತ ಅವ್ರು ಗಾಡಿ ತಿರುಗುಸ್ಕಂಡು ಓದಾರು.”

ದೊಡ್ಡಪ್ಪ ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿದ. ನಡುಕ ಮಾತ್ರ ನಿಲ್ಲಲಿಲ್ಲ. “ಬದುಕಿರೋ ತಂದೆ ಒಳಗ್ ಕೂತ್ಕಂಡ್ರೆ ನನ್ ಮಗ್ಳು ತಬ್ಬಲಿ ಅಂದಂಗಾಯ್ತದೆ ಕಣಪ್ಪ,” ಅಂದ. ಬಡಿಸುತ್ತಿದ್ದ ಗೌರಕ್ಕ ಸಾರಿನ ಪಾತ್ರೆಯನ್ನು ಅಲ್ಲೇ ಇಟ್ಟು ಒಳಗೆ ಹೋದಳು. ಅವಳು ಅತ್ತದ್ದು ಗೋಡೆಯಾಚೆಗೆ ನಮಗೆಲ್ಲ ಕೇಳಿಸುತ್ತಿತ್ತು.

ಆಮೇಲಿನ ದಿನಗಳಲ್ಲಿ ನಾನು ಮನೆಯಲ್ಲಿ ನಿಂತಲ್ಲಿ ನಿಲ್ಲಲಿಲ್ಲ. ಹಿತ್ತಲಿಗೆ ಹೋಗುವುದು, ಬೀದಿಗೆ ಬರುವುದು, ಪುಸ್ತಕ ತೆರೆಯುವುದು, ಮುಚ್ಚುವುದು. ಅಪ್ಪ ಹೇಳುವುದರಲ್ಲೂ ಹುರುಳಿತ್ತಲ್ಲ. ಹೊಲದಲ್ಲಿ ನಡೆಯುವವನು ಮನೆಯಲ್ಲಿ ಏಕೆ ನಡೆಯಲಾರ? ದೊಡ್ಡಪ್ಪ ಸುಳ್ಳು ಹೇಳುವವನಲ್ಲ. ಅಪ್ಪನ ಕಣ್ಣೂ ಸುಳ್ಳು ಹೇಳಿರಲಿಲ್ಲ. ಎರಡೂ ನಿಜವಾಗುವುದು ಹೇಗೆ ಎನ್ನುವುದೇ ತಲೆಗೆ ಹತ್ತಲಿಲ್ಲ.

ಹತ್ತಿದ್ದು ಚಪ್ಪರದ ಬಿದಿರು ಬಂದ ದಿನ. ಕಾಕನಕೋಟೆಯ ಕಡೆಯಿಂದ ಗಾಡಿಯಲ್ಲಿ ಬಂದ ಬಿದಿರನ್ನು ಅಳತೆ ನೋಡಿ ಕಡಿಯಲು ಅಂಗಳದ ತುಂಬ ಅಡ್ಡಡ್ಡಲಾಗಿ ಸಾಲಾಗಿ ಹಾಸಿದ್ದರು. ದೊಡ್ಡಪ್ಪ ಹೊಸ್ತಿಲ ಬಳಿ ಎಂದಿನ ಹಾಗೆ ನಿಂತಿದ್ದ. ಬೀಳುತ್ತಾನೆ ಎಂದು ನಾನು ಓಡುವಷ್ಟರಲ್ಲಿ ಅವನ ಕಣ್ಣು ಮೊದಲನೆಯ ಬಿದಿರಿನ ಮೇಲೆ ಬಿತ್ತು. ಕಾಲು ಎದ್ದಿತು. ಬಿದಿರು ದಾಟಿತು. ಮತ್ತೊಂದು ಬಿದಿರು, ಮತ್ತೊಂದು ಹೆಜ್ಜೆ. ಹರೆಯದ ಹುಡುಗನ ಹಾಗೆ ಬಿದಿರೆಲ್ಲ ದಾಟಿ ಅಂಗಳದಾಚೆ ಹೋದ. ಬಿದಿರು ಮುಗಿದು ನುಣ್ಣನೆಯ ಬೀದಿ ಬಂದ ಜಾಗದಲ್ಲಿ ಮತ್ತೆ ಕಂಬವಾದ.

“ಕಂಡ್ರಾ? ಕಂಡ್ರಾ ನಾಟ್ಕವ?” ಎಂದು ಅಪ್ಪ ಕೂಗಿದ. ನಾನು ಕಂಡಿದ್ದೆ. ಅಪ್ಪ ಹೇಳಿದ ಆ ಕೋಟೆ ಬಸ್ಸು ಓಡಿದ್ದು ಉತ್ತ ಹೊಲದ ಸಾಲುಗಳ ಮೇಲೆ. ಇಳಿದು ಹತ್ತಿದ್ದು ಬಾವಿಯ ಮೆಟ್ಟಿಲು. ನಿಂತದ್ದೆಲ್ಲ ನಾವು ಪ್ರೀತಿಯಿಂದ ಕೆತ್ತಿ, ಸಾರಿಸಿ, ಒಂದು ಗುರುತೂ ಇಲ್ಲದ ಹಾಗೆ ಮಾಡಿದ ನೆಲದ ಮೇಲೆ. ಅಪ್ಪನೂ ನಾನೂ ನೋಡಿದ್ದು ಒಂದೇ. ಅವನು ಹೇಳಿದ್ದು ನಾಟಕ ಎಂದು. ನನಗೆ ಹೊಳೆದದ್ದು ಕಪ್ಪೆ.

ಕಪ್ಪೆಯ ಮಾತು ಹೇಳದೆ ಮುಂದಕ್ಕೆ ಹೋಗುವಂತಿಲ್ಲ. ಕಾಲೇಜಿನಲ್ಲಿ ನಮ್ಮ ಮೇಷ್ಟ್ರು ತಲೆ ತೆಗೆದ ಕಪ್ಪೆಯೊಂದನ್ನು ಕೊಕ್ಕೆಗೆ ತೂಗುಹಾಕಿ, ಆಮ್ಲದಲ್ಲಿ ಅದ್ದಿದ ಕಾಗದದ ಚೂರನ್ನು ಅದರ ಪಕ್ಕೆಗೆ ಅಂಟಿಸಿದ್ದರು. ತಲೆಯಿಲ್ಲದ ಕಪ್ಪೆ ಹಿಂಗಾಲನ್ನು ಎತ್ತಿ, ಸರಿಯಾಗಿ ಆ ಜಾಗಕ್ಕೇ ತಂದು, ಕಾಗದವನ್ನು ಒರೆಸಿ ಎಸೆಯಿತು. ಆಮೇಲೆ ಸೂಜಿಯಿಂದ ಬೆನ್ನುಹುರಿಯನ್ನು ಕೆಡಿಸಿದರು. ಕಾಲು ಚಿಂದಿಯ ಹಾಗೆ ಜೋತುಬಿತ್ತು. “ಮಿದುಳು ಮನೆಯ ಯಜಮಾನ. ಬೆನ್ನುಹುರಿ ಮನೆ ನಡೆಸೋ ಹೆಂಗಸು,” ಎಂದರು ಮೇಷ್ಟ್ರು. “ಎಷ್ಟೋ ಕೆಲಸ ಯಜಮಾನರಿಗೆ ತಿಳಿಯೋದೇ ಮುಗಿದ ಮೇಲೆ.” ಚರ್ಮದಿಂದ ಹೊರಟ ಸುದ್ದಿ ಒಂದು ನರದಲ್ಲಿ ಬೆನ್ನುಹುರಿಗೆ ಬರುತ್ತದೆ. ಅಲ್ಲೇ ಇನ್ನೊಂದು ನರಕ್ಕೆ ದಾಟಿ, ಅಪ್ಪಣೆಯಾಗಿ ಸ್ನಾಯುವಿಗೆ ತಿರುಗುತ್ತದೆ. ಮೇಲಕ್ಕೆ ಹೋಗುವುದು ವರದಿ ಮಾತ್ರ.

ಮದುವೆಯ ಸೀರೆ ತರುವ ನೆಪದಲ್ಲಿ ಮೈಸೂರಿಗೆ ಹೋದವನು ನೇರ ಆ ಮೇಷ್ಟ್ರ ಮನೆಗೆ ಹೋಗಿ ದೊಡ್ಡಪ್ಪನ ಕಥೆ ಹೇಳಿದೆ. ಅವರು ಕೇಳಿಸಿಕೊಂಡು ಹೇಳಿದರು: “ನಾನು ಡಾಕ್ಟರಲ್ಲಪ್ಪ. ಆದರೆ ಒಂದು ಕಾಲಾದ ಮೇಲೆ ಇನ್ನೊಂದು ಕಾಲು ಎತ್ತಬೇಕು ಅನ್ನೋ ಪಾಠ ಬೆನ್ನುಹುರಿಗೆ ಬಾಯಿಪಾಠ ಆಗಿರುತ್ತೆ. ಶುರು ಮಾಡು ಅನ್ನೋ ಮಾತು ಮೇಲಿನಿಂದ ಬರಬೇಕು. ಆ ಮಾತು ಬರೋ ದಾರಿ ಒಂದೇ ಇರಬೇಕು ಅಂತೇನಿಲ್ಲ. ನೀನಾಗೇ ಹೊರಡೋದು ಒಂದು ದಾರಿ, ಕಣ್ಣು ನೋಡಿ ಕಾಲಿಗೆ ಹೇಳೋದು ಇನ್ನೊಂದು. ನಿಮ್ಮ ದೊಡ್ಡಪ್ಪನಿಗೆ ಮೊದಲನೇ ದಾರಿ ಮುಚ್ಚಿ ಎರಡನೇದು ತೆರೆದಿರಬಹುದು. ಇರಬಹುದು ಅಂದೆ, ಇದೆ ಅನ್ನಲಿಲ್ಲ.”

ಆ “ಇರಬಹುದು” ಅನ್ನು ಕಟ್ಟಿಕೊಂಡು ಬಸ್ಸಿನಲ್ಲಿ ಊರಿಗೆ ಬಂದೆ. ಸೀಟಿನಲ್ಲಿ ಕೂರಲಾರದೆ ಬಾಗಿಲ ಹತ್ತಿರವೇ ನಿಂತಿದ್ದೆ. ಬಂದವನೇ ಪಡಸಾಲೆಯಲ್ಲಿ ಎಲ್ಲರನ್ನೂ ಕೂರಿಸಿ ಮಿದುಳು, ಬೆನ್ನುಹುರಿ, ಕಣ್ಣಿನ ದಾರಿ ಎಂದು ಉಪನ್ಯಾಸ ಶುರು ಮಾಡಿದೆ. ಕಪ್ಪೆ ಬರುವತನಕ ಎಲ್ಲ ಚೆನ್ನಾಗಿತ್ತು. ನಮ್ಮದು ಕೊರಳಲ್ಲಿ ಲಿಂಗ ಕಟ್ಟುವ ಮನೆ, ಇರುವೆ ಸಾಲಿಗೆ ಸಕ್ಕರೆ ಹಾಕುವ ಮನೆ.

“ತಲೆ ತೆಗುದ್ರಾ? ಯಾರ್ ತೆಗುದ್ರು? ನೀನೂ ಕೊಯ್ದಾ?” ಎಂದಳು ಅವ್ವ.

“ಎಲ್ಲಾರೂ ಕೊಯ್ತಾರೆ ಕಣವ್ವ. ಪಾಠ ಅದು.”

“ಶಿವಶಿವಾ! ಕಪ್ಪೆ ಕೊಯ್ಯೋಕಾ ನಿನ್ನ ಮೈಸೂರ್ಗೆ ಕಳ್ಸಿದ್ದು? ಏಳು, ಎದ್ದು ಮೊದ್ಲು ತಲೆ ಮೇಲೆ ನೀರು ಉಯ್ಕೊ ಓಗು!”

ಅಪ್ಪ ಎದ್ದು ಟವಲು ಕೊಡವಿ ಹೆಗಲಿಗೆ ಹಾಕಿಕೊಂಡ. “ತಲೆ ಇಲ್ದಿರೋ ಕಪ್ಪೆ ಕಾಲು ಆಡುಸ್ತದೆ, ತಲೆ ಇರೋ ನಿಮ್ ದೊಡ್ಡಪ್ಪಂಗೆ ಆಗಾಕಿಲ್ಲ. ಇದೇ ಏನ್ಲಾ ನಿನ್ ಓದು?”

ನನ್ನ ಉಪನ್ಯಾಸ ಬಾವಿಯ ಹತ್ತಿರ ಒದ್ದೆ ತಲೆಯಲ್ಲಿ ಮುಗಿಯಿತು. ದೊಡ್ಡಪ್ಪ ಮಾತ್ರ ಮೆಟ್ಟಿಲ ಮೇಲೆ ಬಂದು ಕೂತು, “ಮಗ, ಆ ಕಣ್ಣಿನ್ ದಾರಿ ಅಂದ್ಯಲ್ಲ, ಅದು ದಿಟ ಅನ್ನುಸ್ತದೆ ಕಣ್ಲಾ,” ಎಂದ. “ಬರೀ ನೆಲ ಕಂಡ್ರೆ ಮನ್ಸು ಓಗು ಓಗು ಅಂತದೆ, ಕಾಲಿಗೆ ಕೇಳ್ಸಾಕೇ ಇಲ್ಲ. ನಿಮ್ಮಪ್ಪನ್ಗೆ ನಂಬಿಸ್ಬ್ಯಾಡ ಬುಡು. ನನ್ನ ಊರ್ ಬಾಗ್ಲಗಂಟ ಮುಟ್ಸು. ಅಷ್ಟು ಮಾಡು.”

ಅದಕ್ಕೆ ನಾನು ಮಾಡಿದ ಉಪಾಯ ಬಹಳ ಜಾಣತನದ್ದು. ಮದುವೆಯ ದಿನ ಮುಂಜಾನೆ ಮನೆಯಿಂದ ಊರ ಬಾಗಿಲವರೆಗೆ ಸುಣ್ಣದ ಪುಡಿಯಲ್ಲಿ ಹೆಜ್ಜೆಗೊಂದು ಅಡ್ಡಗೆರೆ ಎಳೆದೆ. ಗೌರಕ್ಕನ ಗೆಳತಿಯರು ಇದೇನು ರಂಗೋಲಿ ಎಂದು ನಕ್ಕರು. ಆದರೆ ಮದುವೆಯಿದ್ದರೂ ಊರ ದನಗಳು ಮೇವಿಗೆ ಹೋಗಲೇಬೇಕಲ್ಲ. ಮಂದೆ ಆ ಬೀದಿಯಲ್ಲೇ ಹೋಯಿತು. ಅದರ ಹಿಂದೆ ಹೆಂಗಸರು ಬಂದು, ಬೀಗರು ಬರುವ ಬೀದಿ ಗಲೀಜಾಯಿತಲ್ಲ ಎಂದು ಗುಡಿಸಿ ಸಗಣಿ ನೀರು ಚಿಮುಕಿಸಿದರು. ನಾನು ಪಂಚೆ ಉಟ್ಟು ಹೊರಗೆ ಬರುವಷ್ಟರಲ್ಲಿ ನನ್ನ ಗೆರೆಗಳು ಒಂದೂ ಉಳಿದಿರಲಿಲ್ಲ. ಬೀದಿ ಕನ್ನಡಿಯಾಗಿತ್ತು. ಓಲಗ ಕೇಳಿಸತೊಡಗಿತ್ತು.

ದೊಡ್ಡಪ್ಪ ರುಮಾಲು ಸುತ್ತಿಕೊಂಡು ಚಪ್ಪರದಿಂದ ಎದ್ದ. ಅಪ್ಪ ಬೇಡ ಎನ್ನಲು ಬಾಯಿ ತೆರೆದ. ನೆಂಟರೆಲ್ಲ ನೋಡುತ್ತಿದ್ದರಿಂದ ಮುಚ್ಚಿದ. ಓಲಗದವರು ಮುಂದೆ, ಅವರ ಹಿಂದೆ ದೊಡ್ಡಪ್ಪ, ಪಕ್ಕದಲ್ಲಿ ಅಪ್ಪ, ನಾನು ಹಿಂದೆ. ಗೆರೆ ಇಲ್ಲದಿದ್ದರೂ ದೊಡ್ಡಪ್ಪ ಡೋಲಿನ ತಾಳಕ್ಕೆ ಹೆಜ್ಜೆ ಹಾಕುತ್ತ ಮುಕ್ಕಾಲು ಬೀದಿ ದಾಟಿದ. ನನ್ನ ಉಸಿರು ಸಡಿಲವಾಯಿತು. ಅಷ್ಟರಲ್ಲಿ ಎದುರಿಗೆ ಬೀಗರ ಗಾಡಿಗಳು ಕಂಡವು ಎಂದು ಓಲಗದವರು ವಾದ್ಯ ನಿಲ್ಲಿಸಿ ಪಕ್ಕಕ್ಕೆ ಸರಿದರು.

ದೊಡ್ಡಪ್ಪ ನಿಂತ.

ಗಾಡಿ ಇಳಿದ ಬೀಗರು ಊರ ಬಾಗಿಲಲ್ಲಿ ಸಾಲಾಗಿ ನಿಂತು ನೋಡುತ್ತಿದ್ದರು. ಅವರಿಗೂ ನಮಗೂ ನಡುವೆ ಇದ್ದದ್ದು ಒಂದು ಅಂಗಳದಷ್ಟು ನೆಲ. ದೊಡ್ಡಪ್ಪನ ಬೆನ್ನು ನಡುಗುತ್ತಿತ್ತು. ಬೆರಳುಗಳು ಒದ್ದೆ ಮಣ್ಣನ್ನು ಕಚ್ಚಿ ಹಿಡಿದಿದ್ದವು. ಅಪ್ಪ ಹಲ್ಲು ಕಚ್ಚಿ, “ಅಣ್ಣ, ಇಲ್ ಬ್ಯಾಡ. ಕೈ ಮುಗೀತೀನಿ, ನಡಿ,” ಅಂದ. ದೊಡ್ಡಪ್ಪ ಕತ್ತು ತಿರುಗಿಸಲೂ ಆಗದೆ, ಬೀಗರ ಕಡೆಗೇ ಮುಖವಿಟ್ಟುಕೊಂಡು ಹೇಳಿದ, “ಆಯ್ತಾ ಇಲ್ಲ ಕಣೋ ತಮ್ಮ.” ಬಿಗಿದ ಆ ಮುಖದ ಮೇಲೆ ಏನೂ ಇರಲಿಲ್ಲ. ಕಣ್ಣಿನಿಂದ ಮಾತ್ರ ನೀರು ಇಳಿಯುತ್ತಿತ್ತು.

ಅಪ್ಪ ಅದನ್ನು ನೋಡಿದ. ಆ ಗಳಿಗೆಯಲ್ಲಿ ಅವನ ಮನಸ್ಸಿನಲ್ಲಿ ಏನಾಯಿತೋ ನಾನು ಬಲ್ಲೆ ಎನ್ನಲಾರೆ. ಕೆಲಸ ತಪ್ಪಿಸಿಕೊಳ್ಳಲು ನಾಟಕ ಆಡುವವನು ಮಗಳ ಮದುವೆಯ ಬೀದಿಯಲ್ಲಿ ಆಡುವುದಿಲ್ಲ, ಅಷ್ಟು ಹೊಳೆದಿರಬೇಕು. ನನ್ನ ಕಪ್ಪೆಯಂತೂ ಅವನಿಗೆ ನೆನಪಾಗಿರಲಾರದು. ಬಹುಶಃ ಬಿದಿರು ನೆನಪಾಯಿತು. ಅಪ್ಪ ಒಂದು ಹೆಜ್ಜೆ ಮುಂದೆ ಹೋಗಿ ತನ್ನ ಬಲಪಾದವನ್ನು ದೊಡ್ಡಪ್ಪನ ಕಾಲಿನ ಎದುರಿಗೆ ಅಡ್ಡಲಾಗಿ ಇಟ್ಟ.

“ದಾಟು,” ಅಂದ.

ದೊಡ್ಡಪ್ಪನ ಕಣ್ಣು ಆ ಪಾದದ ಮೇಲೆ ಇಳಿಯಿತು. ಕಾಲು ಎದ್ದಿತು, ದಾಟಿತು. ಅಪ್ಪ ಮತ್ತೆ ಮುಂದೆ ಹೋಗಿ ಪಾದ ಇಟ್ಟ. ದೊಡ್ಡಪ್ಪ ಮತ್ತೆ ದಾಟಿದ. ಇಬ್ಬರೂ ಮುದುಕರಾಗುತ್ತ ಬಂದವರು, ಜರಿ ರುಮಾಲಿನವರು, ಎಳೆ ಹುಡುಗರ ಆಟದ ಹಾಗೆ ಒಬ್ಬರು ಕಾಲಿಡುತ್ತ ಒಬ್ಬರು ದಾಟುತ್ತ ನಡು ಬೀದಿಯಲ್ಲಿ ಹೋದರು. ನೆಂಟರಲ್ಲಿ ಯಾರೂ ನಗಲಿಲ್ಲ. ದೊಡ್ಡಪ್ಪ ಬೀಗರ ಮುಂದೆ ಹೋಗಿ, ನಡುಗುವ ಕೈಯಲ್ಲೇ ಅವರ ಕೈ ಹಿಡಿದುಕೊಂಡ.

ಬೀಗರಲ್ಲಿ ಹಿರಿಯರೊಬ್ಬರು ಕನ್ನಡಕ ಸರಿಮಾಡಿಕೊಂಡು ಕೇಳಿದರು: “ಏನ್ ಯಜಮಾನ್ರೆ, ನಿಮ್ ಕಡೆ ಇಂಗೊಂದು ಸಾಸ್ತ್ರ ಅದಾ?”

“ಊ ಕಣ್ರೀ,” ಅಂದ ಅಪ್ಪ, ಮುಖ ಒರೆಸಿಕೊಳ್ಳುತ್ತ. “ನಮ್ಮನೆ ಸಾಸ್ತ್ರ. ಅಣ್ಣನ ಮುಂದೆ ತಮ್ಮ ಕಾಲಿಡ್ಬೇಕು.”

ಹಿರಿಯರು ತಲೆದೂಗಿ, ಒಳ್ಳೆಯ ಶಾಸ್ತ್ರ ಎಂದರು. ವಾಪಸು ಬರುವಾಗಲೂ ಅಪ್ಪ ಹಾಗೆಯೇ ಕಾಲಿಟ್ಟ. ಎರಡು ಮನೆಯವರೂ ಆ ನಡಿಗೆಗೆ ನಿಧಾನವಾಗಿ ಹೊಂದಿಕೊಂಡು ಬಂದರು. ಚಪ್ಪರದ ಬಾಗಿಲಲ್ಲಿ ಇಣುಕುತ್ತಿದ್ದ ಗೌರಕ್ಕ ಇದನ್ನು ಕಂಡು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಕ್ಕಳೋ ಅತ್ತಳೋ, ದೂರದಿಂದ ನನಗೆ ತಿಳಿಯಲಿಲ್ಲ.

ತಪ್ಪಾಯಿತು ಎಂದು ಅಪ್ಪ ಒಂದು ದಿನವೂ ಹೇಳಲಿಲ್ಲ. ನಾಟಕ ಎನ್ನುವ ಮಾತೂ ಆಮೇಲೆ ಅವನ ಬಾಯಿಂದ ಬರಲಿಲ್ಲ. ಮಾರನೆಯ ಬೆಳಿಗ್ಗೆಯಿಂದ ಅಣ್ಣನನ್ನು ಹೊಲಕ್ಕೆ ಕರೆದುಕೊಂಡು ಹೊರಟ. ಬೀದಿಯುದ್ದಕ್ಕೂ ಕಾಲಿಡುವುದು, ಹೊಲದ ಸಾಲು ಬಂದಮೇಲೆ ಬಿಟ್ಟುಬಿಡುವುದು. “ಇನ್ ಓಡಪ್ಪ, ನಿನ್ ರೋಡು ಬಂತು!” ಎಂದು ಛೇಡಿಸುತ್ತಿದ್ದ. ರಜೆಗೆ ಬಂದಾಗೆಲ್ಲ ನಾನು ನೋಡುತ್ತಿದ್ದೆ. ಬರಬರುತ್ತ ಅಪ್ಪ ಕೆಳಗೆ ನೋಡುವುದನ್ನೂ ಬಿಟ್ಟ. ಬೆಲೆ, ಮಳೆ, ಊರ ಸುದ್ದಿ ಮಾತಾಡುತ್ತಲೇ ಪಾದ ಹೋಗಿ ಅಡ್ಡ ನಿಲ್ಲುತ್ತಿತ್ತು, ಕಾಯುತ್ತಿತ್ತು, ಮುಂದೆ ಸಾಗುತ್ತಿತ್ತು.

ಹೋದ ಆಷಾಢದಲ್ಲಿ ದೊಡ್ಡಪ್ಪ ಶಿವನ ಪಾದ ಸೇರಿದ.

ಇವತ್ತು ಕಾಫಿ ಲೋಟ ಕೆಳಗಿಟ್ಟು ಬೀದಿ ನೋಡಿದೆ. ಅಪ್ಪ ಹೊಲದಿಂದ ಬರುತ್ತಿದ್ದ, ತಲೆಯ ಮೇಲೆ ಹುಲ್ಲಿನ ಹೊರೆ. ಜೊತೆಯಲ್ಲಿ ಯಾರೂ ಇಲ್ಲ. ಕೆಲವು ಹೆಜ್ಜೆ ಸರಿಯಾಗಿ ಬಂದ. ಆಮೇಲೆ ಅವನ ಬಲಪಾದ ತಾನಾಗಿ ಹೊರಕ್ಕೆ ತಿರುಗಿ, ಬರಿಯ ನೆಲದ ಮೇಲೆ ಅಡ್ಡಲಾಗಿ ನಿಂತು, ಒಂದು ಗಳಿಗೆ ಕಾಯಿತು. ಮತ್ತೆ ಮುಂದೆ ಬಂತು. ಇನ್ನಷ್ಟು ದೂರ ಬಂದು ಮತ್ತೆ ಹಾಗೆಯೇ. ಅಪ್ಪನಿಗೆ ಅದರ ಪರಿವೆಯೇ ಇರಲಿಲ್ಲ. ಎದುರಿಗೆ ಬಂದವರ ಜೊತೆ ಮಾತಾಡುತ್ತಲೇ ಬರುತ್ತಿದ್ದ.

ನನ್ನ ಬಾಯಿ ತೆರೆಯಿತು. ಮೇಷ್ಟ್ರಲ್ಲವೇ, ಹೇಳಲು ಒಂದು ಪಾಠ ಸಿದ್ಧವಿತ್ತು. ಅವ್ವ ನನ್ನ ಹೆಗಲ ಮೇಲೆ ಕೈಯಿಟ್ಟಳು. ಅವಳೂ ಅದನ್ನೇ ನೋಡುತ್ತಿದ್ದಳು.

“ಏನೂ ಯೋಳ್ಬ್ಯಾಡ ಬುಡ್ಲಾ,” ಅಂದಳು ಮೆಲ್ಲಗೆ. “ಒತ್ತಾರೆ ಓಗುವಾಗ್ಲೂ ಅಂಗೇ ಮಾಡ್ತದೆ. ನಾನೂ ಯೋಳಿಲ್ಲ.”

ಎದ್ದು ಬೀದಿಗೆ ಇಳಿದೆ. ಹೊರೆ ಇಳಿಸಿಕೊಳ್ಳಲು ಕೈ ಚಾಚಿದರೆ ಅಪ್ಪ ಕೊಡಲಿಲ್ಲ, “ನಿಂಗೆ ಎಲ್ಲಾಗ್ತದೆ ನಡಿ,” ಅಂದ. ನಾನು ಪಕ್ಕದಲ್ಲಿ ಒಂದು ಹೆಜ್ಜೆ ಹಿಂದೆ ನಡೆದೆ. ಅಪ್ಪನ ಪಾದ ಅಡ್ಡ ನಿಂತಾಗ ನಾನೂ ನಿಂತೆ. ಆಮೇಲೆ ದಾಟಿದೆ.